ಸಂತೆಯ ಮಂಟಪ, ನಮ್ಮ ಮನೆಯ ಜಗಲಿ

ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ಸ್ ಗುಡ್ಡಸೀಮೆಯ ಚಿಪ್ಪಿಂಗ್ ಕ್ಯಾಂಪ್ಡನ್ ಎಂಬ ಪುಟ್ಟ ಪೇಟೆಯಲ್ಲಿ, ಹಳೆಯ ಸಂತೆ ಮಂಟಪದಲ್ಲಿ ಕುಳಿತು ಪುಳಿಯೋಗರೆಯ ಡಬ್ಬಿ ಬಿಚ್ಚುತ್ತಿದ್ದಾಗ, ಮೇಲುಕೋಟೆಯಿಂದ ಚಿಕ್ಕಪ್ಪನ ಮಗ ಒಂದು ಫೋಟೊ ಕಳುಹಿಸಿದ. "ಅಣ್ಣಾ, ಜಗಲಿ ತೆಗೆಸಿದ್ವಿ. ಇನ್ಮೇಲೆ ಕಾರು ಬಾಗಿಲವರೆಗೂ ಬರುತ್ತೆ" ಎಂದು ಬರೆದಿದ್ದ. ಅಜ್ಜಿ ಹುಣಸೆಹಣ್ಣು ಒಣಗಿಸುತ್ತಿದ್ದ, ವೈರಮುಡಿಯ ರಾತ್ರಿ ನೆಂಟರಿಷ್ಟರು ಸಾಲಾಗಿ ಮಲಗುತ್ತಿದ್ದ ಆ ಜಾಗದಲ್ಲಿ ಸಿಮೆಂಟಿನ ಇಳಿಜಾರೊಂದು ಕಂಡಿತು. ತುತ್ತು ಗಂಟಲಲ್ಲಿ ಇಳಿಯಲಿಲ್ಲ.

ನಾನು ಕುಳಿತಿದ್ದುದು ಅರಮನೆಯಲ್ಲ, ದೇವಾಲಯವೂ ಅಲ್ಲ. ಲಂಡನ್ನಿನಲ್ಲಿ ರೇಷ್ಮೆ ಮಾರಿ ಸಿರಿವಂತನಾದ ಬ್ಯಾಪ್ಟಿಸ್ಟ್ ಹಿಕ್ಸ್, ಬೆಣ್ಣೆ, ಚೀಸ್, ಕೋಳಿ ಮಾರುವವರಿಗೆ ನೆರಳಾಗಲೆಂದು 1627ರಲ್ಲಿ ಕಟ್ಟಿಸಿದ ಕಮಾನುಗಳ ಕಲ್ಲುಮಂಟಪವದು. ನೆಲದ ಕಲ್ಲುಗಳು ಸವೆದು ಉಬ್ಬುತಗ್ಗಾಗಿ, ಇಟ್ಟ ಪಾದ ಓರೆಯಾಗುತ್ತದೆ. ಆದರೂ ಅದನ್ನು ಕಿತ್ತು ಗ್ರಾನೈಟ್ ಹಾಸಿಲ್ಲ. 1940ರ ದಶಕದಲ್ಲಿ ಮಂಟಪ ಅಮೆರಿಕದವರ ಪಾಲಾಗಲಿದ್ದಾಗ ಊರವರೇ ಹಣ ಕೂಡಿಸಿ ಉಳಿಸಿಕೊಂಡು, ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ವಶಕ್ಕೆ ಕೊಟ್ಟರು. ಚರ್ಚಿನ ದಾರಿಯಲ್ಲಿ ಅದೇ ಹಿಕ್ಸ್ 1612ರಲ್ಲಿ ಬಡ ವೃದ್ಧರಿಗಾಗಿ ಕಟ್ಟಿಸಿದ ಮನೆಗಳ ಸಾಲಿದೆ. ಅಲ್ಲಿ ಇಂದಿಗೂ ಹಿರಿಯರೇ ವಾಸವಾಗಿದ್ದಾರೆ. ಒಂದು ಕಿಟಕಿಯ ಅಂಚಿನಲ್ಲಿ ಹೂಕುಂಡವೂ ಅದರ ಪಕ್ಕದಲ್ಲಿ ಮಡಿಸಿಟ್ಟ ಕನ್ನಡಕವೂ ಇದ್ದವು. ಆ ಕನ್ನಡಕವನ್ನು ಕಂಡಾಗ ನನಗೆ ನಿಜಕ್ಕೂ ಹೊಟ್ಟೆ ಉರಿಯಿತು.

'ಚಿಪ್ಪಿಂಗ್' ಎಂದರೆ ಹಳೆಯ ಇಂಗ್ಲಿಷಿನಲ್ಲಿ ಸಂತೆ. ಕೃಷ್ಣರಾಜಪೇಟೆಯ ಸಂತೆಗೆ ಅಪ್ಪನ ಕೈಹಿಡಿದು ಹೋಗುತ್ತಿದ್ದ ನನಗೆ, ಸಂತೆಯೂ ಕಾಪಾಡಿಕೊಳ್ಳಬೇಕಾದ ಆಸ್ತಿ ಎಂಬುದು ಹೊಳೆಯಲು ಇಷ್ಟು ದೂರ ಬರಬೇಕಾಯಿತು. ನಮ್ಮಲ್ಲಿ ದೇವರದು, ಅರಸರದು ಮಾತ್ರ ಹಳೆಯದು. ಜನರದು ಬರೀ ಹಳತು. ಚೆಲುವನಾರಾಯಣನ ಗುಡಿಯನ್ನೂ ರಾಯಗೋಪುರದ ಕಂಬಗಳನ್ನೂ ಕೈಮಾಡಿ ತೋರಿಸುವ ನಾವು, ರಾಮಾನುಜರು ನಡೆದಾಡಿದ ಊರೆಂದು ಹೆಮ್ಮೆಪಡುವ ನಾವು, ಅವುಗಳ ನಡುವಿನ ಬೀದಿಯಲ್ಲಿ ಕಂಬಸಾಲಿನ ಮನೆಯೊಂದು ಉರುಳಿದರೆ ತಿರುಗಿಯೂ ನೋಡುವುದಿಲ್ಲ.

ಹಾಗೆಂದು ಆ ಮಂಟಪದಲ್ಲಿ ನಾನಿದ್ದಷ್ಟು ಹೊತ್ತೂ ಬೆಣ್ಣೆ ಮಾರುವವರು ಯಾರೂ ಬರಲಿಲ್ಲ. ಬಂದವರೆಲ್ಲ ನನ್ನಂತೆ ನೋಡಲು ಬಂದವರು. ಆ ಜೇನುಬಣ್ಣದ ಕಲ್ಲುಮನೆಗಳ ಬೆಲೆ ದುಡಿದು ತಿನ್ನುವವರ ಕೈಗೆ ಎಟುಕುವಂಥದ್ದಲ್ಲ. ನಮ್ಮ ಕಲ್ಯಾಣಿಯ ಮೆಟ್ಟಿಲುಗಳನ್ನಾದರೋ ಜನ ಇವತ್ತಿಗೂ ಇಳಿದು ಹತ್ತುತ್ತಾರೆ. ಇನ್ನೊಂದನ್ನೂ ಹೇಳಲೇಬೇಕು: ಚಿಕ್ಕಮ್ಮನ ಮಂಡಿ ಹೋಗಿ ಎರಡು ವರ್ಷವಾಯಿತು, ಜಗಲಿಯ ಮೂರು ಮೆಟ್ಟಿಲು ಇಳಿಸಲು ಇಬ್ಬರು ಹಿಡಿಯಬೇಕಿತ್ತು. ತಮ್ಮ ಅದನ್ನು ಮೊದಲೇ ಹೇಳಿದ್ದ, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಜಗಲಿಯ ಚಪ್ಪಡಿಗಳನ್ನಾದರೂ ಮಾರಬೇಡ, ಹಿತ್ತಲಿನಲ್ಲಿಡು ಎಂದು ಬರೆದೆ. ನಾಲ್ಕು ಉಳಿದಿವೆಯಂತೆ.