ಬೆಳೆ ಬ್ರಿಕ್ಸ್‌ನದು, ಬೆಲೆ ಲಂಡನ್ನಿನದು

ಬ್ರೆಜಿಲ್, ರಷ್ಯಾ, ಭಾರತ, ಚೀನಾ, ದಕ್ಷಿಣ ಆಫ್ರಿಕಾ ಮೊದಲಾದ ದೇಶಗಳ ಒಕ್ಕೂಟ ಬ್ರಿಕ್ಸ್. ‘ಈ ದೇಶಗಳೇ ಇನ್ನು ಮಾರುಕಟ್ಟೆ ಆಳುತ್ತವೆ’ ಎಂಬ ಮಾತಿದೆ. ಕಾಫಿ ಬೆಳೆಯುವುದರಲ್ಲಿ ಸರಿ, ಬೆಲೆ ಕಟ್ಟುವುದರಲ್ಲಿ ಅಲ್ಲ. ಬ್ರೆಜಿಲ್, ಭಾರತದ ಜೊತೆಗೆ 2024ರಲ್ಲಿ ಇಥಿಯೋಪಿಯಾ, 2025ರಲ್ಲಿ ಇಂಡೋನೇಷ್ಯಾ ಸೇರಿದವು. ಎಲ್ಲವೂ ಕಾಫಿ ದೇಶಗಳೇ. ಆದರೂ ಕಾಫಿಯ ಎರಡು ಮುಖ್ಯ ತಳಿಗಳಲ್ಲಿ ಅರೇಬಿಕಾದ ದರ ನಿಗದಿಯಾಗುವುದು ನ್ಯೂಯಾರ್ಕ್ ವಿನಿಮಯ ಕೇಂದ್ರದಲ್ಲಿ, ರೊಬಸ್ಟಾದ್ದು ಲಂಡನ್‌ನಲ್ಲಿ, ಎರಡೂ ಡಾಲರ್ ಲೆಕ್ಕದಲ್ಲೇ.

ನಮ್ಮ ಕೊಡಗಿನ ರೊಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಚೀಲಕ್ಕೆ ಲಂಡನ್ ದರ ಇಳಿಯುವ ಬಗೆ ನೋಡಿ. ಲಂಡನ್‌ನಲ್ಲಿ ಟನ್ನಿಗೆ 4,000 ಡಾಲರ್, ಡಾಲರಿಗೆ 85 ರೂಪಾಯಿ ಅಂದುಕೊಳ್ಳಿ: ಬೇಳೆ, ಅಂದರೆ ಸಿಪ್ಪೆ ತೆಗೆದ ಕಾಫಿ ಬೀಜ, ಕೆ.ಜಿ.ಗೆ 340 ರೂಪಾಯಿ. 50 ಕೆ.ಜಿ. ಚೆರಿಯಲ್ಲಿ 27 ಕೆ.ಜಿ. ಬೇಳೆ ಬಂದರೆ (ಇದೇ ಔಟ್‌ಟರ್ನ್, ಅಂದರೆ ಓಟಿ 27) ಚೀಲಕ್ಕೆ 9,180 ರೂಪಾಯಿ. ಇದರಲ್ಲಿ ಹಲ್ಲಿಂಗ್ (ಸಿಪ್ಪೆ ತೆಗೆಯುವುದು), ಸಾಗಣೆ, ವ್ಯಾಪಾರಿಯ ಲಾಭ ಕಳೆಯಬೇಕು. ಓಟಿ ಒಂದು ಇಳಿದರೆ 340 ರೂಪಾಯಿ ಹೋಯಿತು. ಕಣದಲ್ಲಿ ಸರಿಯಾಗಿ ಒಣಗದ ಚೆರಿಗೆ ಆಗುವುದೇ ಇದು: ತೂಕ ನೀರಿನದು, ಸ್ಯಾಂಪಲ್ ಹಲ್ಲಿಂಗ್‌ನಲ್ಲಿ ಬಣ್ಣ ಬಯಲು.

2021ರ ಜುಲೈನಲ್ಲಿ ಬ್ರೆಜಿಲ್‌ನ ಕಾಫಿ ತೋಟಗಳಿಗೆ ಹಿಮಗಟ್ಟುವ ಚಳಿ (ಫ್ರಾಸ್ಟ್) ಬಡಿದಾಗ ಅರೇಬಿಕಾ ದರ ಜಿಗಿಯಿತು. ಪ್ರಭಾವ ಅಂದರೆ ಇದೇ ಇರಬೇಕು, ಆದರೆ ಇದು ಹವಾಮಾನದ್ದು, ಒಕ್ಕೂಟದ್ದಲ್ಲ. ರೊಬಸ್ಟಾ ಬೆಳೆಯುವುದರಲ್ಲಿ ಮೊದಲ ಸ್ಥಾನ ವಿಯೆಟ್ನಾಮಿನದು. ಕೊಡಗಿನ ಸುಂಟಿಕೊಪ್ಪದಲ್ಲಿ ಚೆರಿ ಕೊಡುವ ಮುನ್ನ ಮಡಿಕೇರಿಯ ಮಳೆಯಷ್ಟೇ ಅಲ್ಲ, ವಿಯೆಟ್ನಾಮಿನ ಕೊಯ್ಲಿನ ಸುದ್ದಿಯನ್ನೂ ಕೇಳಿಕೊಳ್ಳಿ.