ಬಾಲಿಗೆ ಹೊರಟ ಬಾಳೆಪಟ್ಟೆ

ಕಾರ್ತಿಕ ಹುಣ್ಣಿಮೆಯ ಹಿಂದಿನ ಸಂಜೆ ಭುವನೇಶ್ವರದ ನಮ್ಮ ಓಣಿಯ ತಿರುವಿನಲ್ಲಿ ಒಬ್ಬ ಬಾಳೆಪಟ್ಟೆಗಳನ್ನು ರಾಶಿ ಹಾಕಿಕೊಂಡು ಮಾರುತ್ತಿದ್ದ. ನಾನು ತಿಪಟೂರು ಕಡೆಯವನು. ನಮ್ಮಲ್ಲಿ ಗೊನೆ ಕಡಿದ ಮೇಲೆ ಬಾಳೆಗೆ ಉಳಿಯುವ ಗತಿ ಎಮ್ಮೆಯ ಬಾಯಿ, ಇಲ್ಲವೇ ತಿಪ್ಪೆ. ಅಂಥದ್ದಕ್ಕೂ ದುಡ್ಡು ತೆರಬೇಕೇ ಎಂದು ಹಿಂದೆ ಮುಂದೆ ನೋಡುತ್ತ ನಿಂತಿದ್ದೆ. ಮನೆಯ ಒಡತಿ ಮಾವುಸಿ ಜಗಲಿಯಿಂದಲೇ ಗದರಿದರು: ‘ಚೌಕಾಸಿ ಮಾಡಬೇಡಿ ಬಾಬು, ಅದು ಹಡಗಿನ ಮರ!’

ಬ್ಯಾಂಕಿನ ವರ್ಗಾವಣೆಯ ಪುಣ್ಯದಿಂದ ನಾನು ಅವರ ಮನೆಯ ಮಹಡಿಗೆ ಬಾಡಿಗೆಗೆ ಬಂದಿದ್ದೆ. ಅವರ ಒಬ್ಬನೇ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ. ನಮ್ಮ ಕಡೆಗೆ ಅವನು, ಅವರ ಕಡೆಗೆ ನಾನು. ಪ್ರಶಾಂತಿ ಎಕ್ಸ್‌ಪ್ರೆಸ್ ನಡೆಸಿಕೊಟ್ಟ ಈ ವಿನಿಮಯ ವ್ಯಾಪಾರದಲ್ಲಿ ಮಾವುಸಿಗೇ ನಷ್ಟ ಎಂಬುದು ಅಂದು ರಾತ್ರಿ ನಾನು ಕಟ್ಟಿದ ದೋಣಿಯನ್ನು ನೋಡಿದ ಯಾರಿಗಾದರೂ ತಿಳಿಯುತ್ತಿತ್ತು. ಮೊಳದುದ್ದದ ಪಟ್ಟೆಯ ಎರಡು ತುದಿಗಳನ್ನೂ ಮೇಲಕ್ಕೆ ಬಾಗಿಸಿ ಪೊರಕೆ ಕಡ್ಡಿ ಚುಚ್ಚಿ ನಿಲ್ಲಿಸಬೇಕು. ಹೊಟ್ಟೆ ಮುಚ್ಚಿಕೊಳ್ಳದಂತೆ ಅಡ್ಡಕ್ಕೆ ಎರಡು ಕಡ್ಡಿ ಕೊಡಬೇಕು. ನಡುವೆ ಒಂದು ಕಡ್ಡಿ ನೆಟ್ಟು ಬಣ್ಣದ ಕಾಗದದ ಹಾಯಿ ಸಿಕ್ಕಿಸಬೇಕು. ಬಾಳೆಯನ್ನು ಹುಟ್ಟಿದಾಗಿನಿಂದ ಬಲ್ಲೆ ಎಂಬ ಜಂಬದಲ್ಲಿ ಕೈ ಹಾಕಿದ್ದೆ. ಬಾಗಿಸಿದಾಗೆಲ್ಲ ಪಟ್ಟೆ ಸೀಳಿತು. ಕೊನೆಗೆ ನಿಂತ ದೋಣಿ ಒಂದು ಕಡೆಗೆ ವಾಲಿತ್ತು, ಅಂಗಿಗೆ ಬಾಳೆಯ ಸೊನೆ ಹತ್ತಿ ಕಪ್ಪು ಕಲೆಯಾಗಿತ್ತು. ಆ ಕಲೆ ಇಂದಿಗೂ ಹೋಗಿಲ್ಲ. ನೌಕಾನಿರ್ಮಾಣದಲ್ಲಿ ನಾನು ಗಳಿಸಿದ ಪದಕ ಅದೊಂದೇ.

ಪುಟ್ಟ ದೋಣಿಗಳನ್ನು ನೀರಿಗೆ ಬಿಡುವ ಈ ಹಬ್ಬಕ್ಕೆ ಒಡಿಯಾದಲ್ಲಿ ‘ಬೋಯಿತ ಬಂದಾಣ’ ಎಂದು ಹೆಸರು. ಬೋಯಿತವೆಂದರೆ ಕಡಲ ಹಡಗು. ಸಂಸ್ಕೃತದ ‘ವಹಿತ್ರ’ ನಮ್ಮ ಹಳೆಯ ಕಾವ್ಯಗಳಲ್ಲಿ ‘ಭೈತ್ರ’ವಾಯಿತು, ಅಲ್ಲಿ ಬೋಯಿತವಾಯಿತು. ನಾವು ಆ ಪದವನ್ನು ನಿಘಂಟಿಗೆ ಕಳುಹಿಸಿ ಮರೆತೆವು, ಅವರು ವರ್ಷಕ್ಕೊಮ್ಮೆ ಹೊರಗೆ ತೆಗೆದು ನೀರಿಗೆ ಬಿಡುತ್ತಾರೆ. ಕಳಿಂಗದ ಕಡಲ ವರ್ತಕರಿಗೆ ‘ಸಾಧಬ’ರೆಂದು ಹೆಸರು. ಬಾಲಿ, ಜಾವಾ, ಸುಮಾತ್ರಾ, ಸಿಂಹಳಗಳಿಗೆ ಅವರು ಹಡಗು ಹೊರಡಿಸುತ್ತಿದ್ದದ್ದು ಈ ಹುಣ್ಣಿಮೆಗೆ ಎಂಬುದು ನಂಬಿಕೆ. ಮುಹೂರ್ತ ಇಟ್ಟವನು ಪಂಚಾಂಗದವನಿಗಿಂತ ಹೆಚ್ಚಾಗಿ ಗಾಳಿಯೇ ಇರಬೇಕು. ಕಾರ್ತಿಕದ ಕೊನೆಗೆ ಬಂಗಾಳ ಕೊಲ್ಲಿಯಲ್ಲಿ ಈಶಾನ್ಯದ ಗಾಳಿ ಹಾಯಿಗೆ ತುಂಬಿಕೊಳ್ಳುತ್ತದೆ. ಹೋದವರನ್ನು ತಿರುಗಿ ತಳ್ಳಿಕೊಂಡು ಬರಲು ಮುಂದಿನ ವರ್ಷದ ಮುಂಗಾರೇ ಬೇಕು.

ಬೆಳಗಿನ ಜಾವ ನಾಲ್ಕಕ್ಕೆ ಊರಿನ ಬಿಂದುಸಾಗರ ಕೊಳಕ್ಕೆ ಹೋದರೆ ಆಗಲೇ ಮೆಟ್ಟಿಲುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಳೆಪಟ್ಟೆಯ ದೋಣಿ, ಬೆಂಡಿನ ದೋಣಿ, ಕಾಗದದ ದೋಣಿ, ಬ್ಯಾಟರಿ ದೀಪ ಮಿನುಗಿಸುವ ಥರ್ಮಾಕೋಲಿನ ಮೂರು ಅಂತಸ್ತಿನ ಹಡಗು. ಆ ಕೊನೆಯದರ ಮುಂದೆ ಅದರ ಮಾಲೀಕನ ಸ್ವಂತಿ ಬೇರೆ. ಮಾವುಸಿ ನನ್ನ ಓರೆ ದೋಣಿಯಲ್ಲಿ ಒಂದು ವೀಳ್ಯದೆಲೆ, ಒಂದು ಅಡಿಕೆ, ಒಂದು ನಾಣ್ಯ, ಪುಟ್ಟ ಹಣತೆ ಇಟ್ಟರು. ನೀರಿಗೆ ಬಿಡುತ್ತ, ಸುತ್ತಲಿನ ನೂರಾರು ಗಂಟಲುಗಳ ಜೊತೆ ಹೇಳಿದರು:

‘ಆ ಕಾ ಮಾ ಬೈ, ಪಾನ ಗುಆ ಥೋಯಿ, ಪಾನ ಗುಆ ತೋರ, ಮಾಸಕ ಧರಮ ಮೋರ.’

ಮೊದಲ ನಾಲ್ಕು ಅಕ್ಷರಗಳು ಆಷಾಢ, ಕಾರ್ತಿಕ, ಮಾಘ, ವೈಶಾಖ ಮಾಸಗಳು ಎಂಬುದು ಒಂದು ವಿವರಣೆ. ಉಳಿದದ್ದು ಸರಳ: ಎಲೆ ಅಡಿಕೆ ನಿನಗೆ, ತಿಂಗಳ ಪುಣ್ಯ ನನಗೆ. ಕೇಳಿದೊಡನೆ ನನ್ನೊಳಗಿನ ಬ್ಯಾಂಕಿನವನು ತಲೆದೂಗಿದ. ಎಂಥ ಕರಾರು! ಒಂದು ಎಲೆ, ಒಂದು ಅಡಿಕೆ ಕೊಟ್ಟು ಇಡೀ ತಿಂಗಳ ಧರ್ಮವನ್ನು ಬರೆಸಿಕೊಳ್ಳುವ ಧೈರ್ಯ ವರ್ತಕರ ಮನೆಯವರಿಗೆ ಮಾತ್ರ ಬರುತ್ತದೆ. ಮೇಲಾಗಿ, ಅಡಿಕೆ ಮರದ ತವರೇ ಕಡಲಾಚೆಯ ಆ ದ್ವೀಪಗಳ ಕಡೆ ಎನ್ನುತ್ತಾರೆ ಸಸ್ಯ ಬಲ್ಲವರು. (ನಮ್ಮ ಮಲೆನಾಡಿನವರಿಗೆ ಇದನ್ನು ಹೇಳುವ ಧೈರ್ಯ ನನಗಿಲ್ಲ.) ಅವರ ಸರಕನ್ನೇ ಅವರಿಗೆ ತುಂಬಿ ಕಳುಹಿಸಿ ಲಾಭ ಎಣಿಸುವ ಜನ ಇವರು.

ಕಾಳಿದಾಸನಿಗೂ ಈ ವ್ಯಾಪಾರದ ವಾಸನೆ ಬಡಿದಿತ್ತು. ಅವನ ‘ರಘುವಂಶ’ದಲ್ಲಿ, ರಾಜಕುಮಾರಿ ಇಂದುಮತಿಯ ಸ್ವಯಂವರದಲ್ಲಿ, ಕಳಿಂಗದ ರಾಜನ ಮುಂದೆ ನಿಂತ ಅವಳ ಜೊತೆಗಾತಿ ಸುನಂದೆ ಅವನನ್ನು ಮಹೇಂದ್ರ ಪರ್ವತಕ್ಕೂ ಮಹಾಸಾಗರಕ್ಕೂ ಒಡೆಯ ಎನ್ನುತ್ತಾಳೆ. ಬೇರೆ ದ್ವೀಪಗಳಿಂದ ಲವಂಗದ ಹೂಗಳನ್ನು ಹೊತ್ತು ತರುವ ಗಾಳಿ ನಿನ್ನ ಬೆವರು ಆರಿಸುತ್ತದೆ, ತಾಳೆಯ ವನಗಳು ಮರ್ಮರಗುಟ್ಟುವ ಕಡಲ ದಂಡೆಯಲ್ಲಿ ಇವನೊಂದಿಗೆ ವಿಹರಿಸು ಎಂದು ಆಸೆ ಹಚ್ಚುತ್ತಾಳೆ. ಇಂದುಮತಿ ಮುಂದಕ್ಕೆ ನಡೆದುಬಿಟ್ಟಳು. ಅವಳಿಗೆ ರಘುವಿನ ಮಗ ಅಜ ಬೇಕಾಗಿದ್ದ ಎಂದು ಕವಿ ಹೇಳುತ್ತಾನೆ. ನನಗೇನೋ ಅವಳು ಸಾಧಬರ ಹೆಂಡತಿಯರ ಪಾಡನ್ನು ಕೇಳಿ ಬಲ್ಲವಳು ಎನ್ನಿಸುತ್ತದೆ. ಗಾಳಿಯೇನೋ ಲವಂಗ ತರುತ್ತದೆ, ಗಂಡನನ್ನು ತರುವ ಭರವಸೆ ಕೊಡಬೇಕಲ್ಲ!

ಪಾಡು ಎಂದರೆ ಎಂಥದ್ದು ಎನ್ನುವುದಕ್ಕೆ ತಪೋಯಿಯ ಕಥೆಯಿದೆ. ಏಳು ಜನ ಅಣ್ಣಂದಿರ ಮುದ್ದಿನ ತಂಗಿ. ಅಣ್ಣಂದಿರು ಹಡಗು ಹತ್ತಿದ್ದೇ ತಡ, ಅತ್ತಿಗೆಯರು ಅವಳನ್ನು ಮೇಕೆ ಕಾಯಲು ಅಟ್ಟಿದರು, ಹೊಟ್ಟೆಗೆ ನುಚ್ಚು ಹಾಕಿದರು. ಕಿರಿಯ ಅತ್ತಿಗೆ ಒಬ್ಬಳೇ ಒಳ್ಳೆಯವಳು. ಹುಡುಗಿ ಆ ನುಚ್ಚನ್ನೇ ಮಂಗಳಾದೇವಿಗೆ ಎಡೆ ಇಟ್ಟಳು, ಅಣ್ಣಂದಿರು ಬಂದರು, ಉಳಿದ ಅತ್ತಿಗೆಯರ ಮೂಗು ಹೋಯಿತು. ಭಾದ್ರಪದದ ಭಾನುವಾರಗಳಲ್ಲಿ ಒಡಿಯಾ ಹುಡುಗಿಯರು ಇಂದಿಗೂ ನುಚ್ಚಿನ ಎಡೆ ಇಟ್ಟು ಖುದುರುಕುಣಿ ವ್ರತ ಹಿಡಿಯುತ್ತಾರೆ. ತಿಂಗಳು ನೋಡಿ: ಮುಂಗಾರಿನ ಗಾಳಿ ಹಡಗುಗಳನ್ನು ಮನೆಗೆ ತರುವ ಕಾಲ. ಹೋದವರು ಬಾಲಿಯಲ್ಲಿ ಏನು ಕೊಂಡರು, ಎಷ್ಟಕ್ಕೆ ಮಾರಿದರು ಎಂಬ ಕಡತ ಯಾರ ಮನೆಯಲ್ಲೂ ಉಳಿದಿಲ್ಲ. ದಂಡೆಯಲ್ಲಿ ಉಳಿದವರ ಹಾಡು, ವ್ರತ, ನುಚ್ಚು ಮಾತ್ರ ಉಳಿದಿವೆ. ಅಗೆಯುವವರಿಗೆ ಮಡಕೆಯ ಚೂರುಗಳೂ ಸಿಕ್ಕಿವೆ ಅನ್ನಿ. ಒಳತಳದಲ್ಲಿ ಸಣ್ಣ ಚುಕ್ಕಿಗಳ ಬಳೆ ಬಳೆ ಗುರುತಿರುವ ತಟ್ಟೆಗಳು ಬಾಲಿಯ ಉತ್ತರ ದಂಡೆಯ ಸೆಂಬಿರಾನ್‌ನಲ್ಲೂ ಇವೆ, ಭುವನೇಶ್ವರದ ಮಗ್ಗುಲಿನ ಶಿಶುಪಾಲಗಡದಲ್ಲೂ ಇವೆ. ಸುಮಾರು 2,000 ವರ್ಷ ಹಳೆಯವು. ಹಡಗು ಬಿಟ್ಟವರೂ ಮುಟ್ಟಿದವರೂ ಊಟವನ್ನಂತೂ ಮಾಡಿದ್ದರು ಎಂಬುದಕ್ಕೆ ಅಷ್ಟು ಸಾಕ್ಷಿ ಸಾಲದೇ?

ಕಟಕದಲ್ಲಿ ಇದೇ ಹುಣ್ಣಿಮೆಯಿಂದ ಮಹಾನದಿಯ ಗಡಗಡಿಯಾ ಘಾಟಿನ ಬಯಲಿನಲ್ಲಿ ವಾರಕ್ಕೂ ಮೀರಿ ‘ಬಾಲಿ ಜಾತ್ರೆ’. ಹೆಸರಿಗೆ ಬಾಲಿ, ಅಲ್ಲಿ ನಾನು ಕಂಡದ್ದು ದಹಿಬರಾ ಆಲೂದಮ್, ಮುಖದಷ್ಟು ಅಗಲದ ಠುಂಕಾ ಪೂರಿ, ಕಂಬಳಿ, ಪ್ಲಾಸ್ಟಿಕ್ ಬಕೆಟ್, ಜಯಂಟ್ ವ್ಹೀಲ್. 2022ರಲ್ಲಿ ಶಾಲೆಯ ಮಕ್ಕಳು ಅಲ್ಲಿ ಒಟ್ಟಿಗೆ ಕುಳಿತು 22,000ಕ್ಕೂ ಹೆಚ್ಚು ಕಾಗದದ ದೋಣಿ ಮಡಚಿ ಗಿನ್ನೆಸ್ ದಾಖಲೆ ಬರೆಸಿದರು. ಅವುಗಳಲ್ಲಿ ನನ್ನದರಂತೆ ವಾಲಿದವು ಎಷ್ಟೋ. ಜಾತ್ರೆಯಲ್ಲಿ ಸಿಕ್ಕ ಒಬ್ಬ ಮೇಷ್ಟರು ನನಗೆ ತಗಾದೆ ತೆಗೆದರು: ಒಡಿಯಾದಲ್ಲಿ ‘ಬಾಲಿ’ ಎಂದರೆ ಮರಳು, ನದಿಯ ಮರಳ ಮೇಲೆ ನೆರೆಯುತ್ತಿದ್ದ ಜಾತ್ರೆಯೇ ಬಾಲಿ ಜಾತ್ರೆ ಎಂದೂ ಹೇಳಬಹುದು ಎಂದು. ಅವರಿಗೆ ಕನ್ನಡ ಬರುತ್ತಿರಲಿಲ್ಲ, ಬಂದಿದ್ದರೆ ವಾದ ಅಲ್ಲಿಗೇ ಮುಗಿಯುತ್ತಿತ್ತು. ನಮ್ಮಲ್ಲಿ ಮರಳು ಎಂದರೆ ನದಿಯ ಉಸುಕೂ ಹೌದು, ಹಿಂದಿರುಗು ಎಂಬ ಮಾತೂ ಹೌದು. ಸಾಧಬನ ಹೆಂಡತಿಗೆ ಹೇಳಲು ಇದಕ್ಕಿಂತ ಒಳ್ಳೆಯ ಪದ ಯಾವ ಭಾಷೆಯಲ್ಲಿ ಸಿಕ್ಕೀತು?

ಕಾರ್ತಿಕ ತಿಂಗಳಿಡೀ ಮಾವುಸಿಯದು ‘ಹಬಿಸ’ ವ್ರತ. ದಿನಕ್ಕೊಂದು ಹೊತ್ತು ಬೆಳ್ತಿಗೆ ಅನ್ನ, ಹೆಸರುಬೇಳೆ, ಕೆಸುವಿನ ಗೆಡ್ಡೆ. ಈರುಳ್ಳಿ ಬೆಳ್ಳುಳ್ಳಿಯ ಸೋಂಕಿಲ್ಲ. ಕೊನೆಯ ಐದು ದಿನಗಳಿಗೆ ‘ಬಕ ಪಂಚಕ’ ಎಂದು ಹೆಸರು. ಆ ಐದು ದಿನ ಕೊಕ್ಕರೆ ಕೂಡ ಮೀನು ಮುಟ್ಟುವುದಿಲ್ಲವಂತೆ. ಬಕಧ್ಯಾನವೆಂದರೆ ಕಪಟವೆಂದೇ ಕೇಳಿ ಬೆಳೆದ ನನಗೆ ಇದನ್ನು ನಂಬಲು ಹೊತ್ತು ಹಿಡಿಯಿತು. ಬಿಂದುಸಾಗರದ ಅಂಚಿನಲ್ಲಿ ನಿಂತಿದ್ದ ಒಂದು ಕೊಕ್ಕರೆಯನ್ನು ಕಾಲು ಗಂಟೆ ಕಾದು ನೋಡಿದೆ. ಅದು ನಿಜಕ್ಕೂ ಏನನ್ನೂ ಹಿಡಿಯಲಿಲ್ಲ. ಅಷ್ಟು ಗದ್ದಲದಲ್ಲಿ ಯಾವ ಮೀನು ತಾನೇ ದಂಡೆಗೆ ಬಂದೀತು ಎಂದು ಆಮೇಲೆ ಹೊಳೆಯಿತು. ಹುಣ್ಣಿಮೆಯ ಮರುದಿನ ‘ಛಾಡಖಾಯಿ’: ಕಟ್ಟು ಬಿಚ್ಚಿ ತಿನ್ನುವ ದಿನ. ಕುರಿ ಮಾಂಸದ ಅಂಗಡಿಯ ಮುಂದೆ ಸೂರ್ಯ ಹುಟ್ಟುವ ಮೊದಲೇ ಸಾಲು. ಕೊಕ್ಕರೆಗೂ ಅಂದು ಬಿಡುಗಡೆ.

ಈಚೆಗೆ ಊರಿಗೆ ಮರಳಿದ ಮೇಲೆ ಪತ್ರಿಕೆಯಲ್ಲಿ ಒಂದು ಚಿತ್ರ ನೋಡಿದೆ. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆಗೆ ಸೇರಿದ ‘ಕೌಂಡಿನ್ಯ’. ಅಜಂತಾದ ಒಂದು ವರ್ಣಚಿತ್ರವನ್ನು ನೋಡಿಕೊಂಡು ಕಟ್ಟಿದ ಹಡಗು. ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದಿದ್ದಾರೆ, ಹಾಯಿಯ ಮೇಲೆ ನಮ್ಮ ಗಂಡಭೇರುಂಡ. ಆ ವರ್ಷ ಡಿಸೆಂಬರಿನ ಕೊನೆಗೆ ಪೋರಬಂದರಿನಿಂದ ಮಸ್ಕತ್ತಿಗೆ ಹೊರಟಿತು. ತೆಂಗಿನ ನಾರಿನ ಸುದ್ದಿ ಓದಿ ತಿಪಟೂರಿನವನ ಎದೆ ಉಬ್ಬಿತು. ಅಂಗಿಯ ಕಲೆಯನ್ನು ಹೆಂಡತಿಗೆ ಮತ್ತೊಮ್ಮೆ ತೋರಿಸಿದೆ. ಅವಳು ಹೊಸ ಸೋಪಿನ ಹೆಸರು ಹೇಳಿದಳು.

ಆ ಬೆಳಗ್ಗೆ ನನ್ನ ದೋಣಿ ನಾಲ್ಕು ಮಾರು ಹೋಯಿತು. ಯಾರೋ ಮುಳುಗು ಹಾಕಿದರು, ಅಲೆ ಎದ್ದಿತು, ಅದು ತಿರುಗಿ ಮೆಟ್ಟಿಲಿಗೇ ಬಂದು ಬಡಿಯಿತು. ಅಷ್ಟರಲ್ಲಿ ಸೊಂಟದವರೆಗೆ ನೀರಿನಲ್ಲಿ ನಿಂತಿದ್ದ ಹುಡುಗನೊಬ್ಬ ನಾಣ್ಯ ಎತ್ತಿಕೊಂಡಿದ್ದ, ಎಲೆ ಅಡಿಕೆಯನ್ನು ಮರ್ಯಾದೆಯಿಂದ ಬಿಟ್ಟಿದ್ದ. ಮಾವುಸಿಯ ಸೆರಗಿನ ಗಂಟಿನಲ್ಲಿದ್ದ ಮೊಬೈಲ್ ಗುಣುಗುಟ್ಟಿತು. ಬೆಂಗಳೂರಿನ ಮಗ. ದೀಪಗಳನ್ನು ತೋರಿಸುತ್ತೇನೆಂದು ಅವರು ಫೋನನ್ನು ತಿರುಗಿಸಿ ಹಿಡಿದರು. ಅವನಿಗೆ ಕಂಡದ್ದು ಬಹುಶಃ ನನ್ನ ಮೊಣಕಾಲು. ಎರಡು ನಿಮಿಷ ಮಾತಾಡಿ ಅವನು ‘ಆಸುಛಿ’ ಎಂದು ಫೋನಿಟ್ಟ. ಬರುತ್ತೇನೆ ಎಂದರ್ಥ. ನಮ್ಮ ಹಾಗೆಯೇ, ಹೊರಡುವಾಗ ಹೋಗುತ್ತೇನೆ ಎನ್ನುವ ರೂಢಿ ಅವರಲ್ಲೂ ಇಲ್ಲ.

‘ದೀಪಾವಳಿಗೂ ಹೀಗೇ ಅಂದಿದ್ದ’ ಎಂದರು ಮಾವುಸಿ. ಫೋನನ್ನು ಮತ್ತೆ ಸೆರಗಿಗೆ ಕಟ್ಟಿ, ಒಂದು ಮೆಟ್ಟಿಲು ಕೆಳಗಿಳಿದು, ಆರಿದ್ದ ಹಣತೆಯನ್ನು ಪಕ್ಕದವರ ದೀಪದಿಂದ ಹಚ್ಚಿಕೊಂಡು, ವಾಲಿದ ನನ್ನ ದೋಣಿಯನ್ನು ಇನ್ನೊಂದು ಸಲ ತಳ್ಳಿದರು.