ಯಾವ ವೇಗದಲ್ಲೂ ಅರ್ಥವಾಗದ ಹಾಡು

ಏಳಿಂಚಿನ ಗ್ರಾಮಫೋನ್ ತಟ್ಟೆಯಲ್ಲಿ ಅಶ್ಲೀಲತೆ ಅಡಗಿದೆಯೇ ಎಂದು ಪತ್ತೆಹಚ್ಚುವ ಸರ್ಕಾರಿ ವಿಧಾನ ಹೀಗಿದೆ. ಮೊದಲು ತಟ್ಟೆಯನ್ನು ಅದು ಓಡಬೇಕಾದ ವೇಗದಲ್ಲೇ, ನಿಮಿಷಕ್ಕೆ 45 ಸುತ್ತಿನಂತೆ ಹಾಕಿ. ತಿಳಿಯಲಿಲ್ಲವೇ? 33⅓ಕ್ಕೆ ಇಳಿಸಿ. ಹಾಡು ಕಾಲುಭಾಗದಷ್ಟು ನಿಧಾನವಾಗುತ್ತದೆ, ಶ್ರುತಿ ಐದು ಸ್ವರಸ್ಥಾನ ಕೆಳಗಿಳಿಯುತ್ತದೆ, ಹತ್ತೊಂಬತ್ತರ ಹುಡುಗ ನಿದ್ದೆಗಣ್ಣಿನ ಎಮ್ಮೆಯ ಹಾಗೆ ಹಾಡತೊಡಗುತ್ತಾನೆ. ಈಗಲೂ ತಿಳಿಯಲಿಲ್ಲವೇ? 78ಕ್ಕೆ ಏರಿಸಿ. ಅದೇ ಹುಡುಗ ಬಾಲ ತುಳಿಸಿಕೊಂಡ ಅಳಿಲಾಗುತ್ತಾನೆ. ಕಿವಿಗೊಟ್ಟು ಬರೆದುಕೊಳ್ಳಿ, ಕಡತಕ್ಕೆ ಸೇರಿಸಿ, ಮೊಹರು ಒತ್ತಿ.

ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ‘ಲೂಯಿ ಲೂಯಿ’ ಎಂಬ ಹಾಡನ್ನು ವಿಚಾರಣೆಗೆ ಕೂರಿಸಿದ್ದು ಹೀಗೆ. ಕೊನೆಗೆ ಬಂದ ತೀರ್ಮಾನ: ಯಾವ ವೇಗದಲ್ಲಿ ಹಾಕಿದರೂ ಅರ್ಥವಾಗುವುದಿಲ್ಲ. ಬೆಟ್ಟ ಅಗೆದವರಿಗೆ ಇಲಿಯಾದರೂ ಸಿಗುತ್ತದೆ. ಇವರಿಗೆ ಸಿಕ್ಕಿದ್ದು ನೂರು ಪುಟ ದಾಟಿದ ಕಡತ.

ಹಾಡಿನಲ್ಲಿ ಇದ್ದದ್ದಾದರೂ ಏನು? ಜಮೈಕಾದಲ್ಲಿರುವ ಹುಡುಗಿಯನ್ನು ನೆನೆದು ನಾವಿಕನೊಬ್ಬ ಲೂಯಿ ಎಂಬ ಬಾರಿನವನ ಮುಂದೆ ಗೋಳು ತೋಡಿಕೊಳ್ಳುತ್ತಾನೆ, ಅಷ್ಟೆ. ಲಾಸ್ ಏಂಜಲಿಸ್‌ನ ರಿಚರ್ಡ್ ಬೆರಿ ಇದನ್ನು 1957ರಲ್ಲಿ ಹಾಡಿದಾಗ ಪ್ರತಿ ಅಕ್ಷರವೂ ಸ್ಪಷ್ಟವಾಗಿತ್ತು, ಯಾರ ಮಾನವೂ ಹೋಗಿರಲಿಲ್ಲ. ಆಮೇಲೆ ಆತ ಸುಮಾರು 750 ಡಾಲರಿಗೆ ಹಕ್ಕು ಮಾರಿಕೊಂಡ.

ಎಡವಟ್ಟಾದದ್ದು 1963ರ ಏಪ್ರಿಲ್‌ನಲ್ಲಿ, ಓರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ. ಕಿಂಗ್ಸ್‌ಮೆನ್ ಎಂಬ ಹುಡುಗರ ತಂಡ 50 ಡಾಲರ್ ಆಸುಪಾಸಿನ ಖರ್ಚಿನಲ್ಲಿ ಅದನ್ನೇ ಮತ್ತೆ ಧ್ವನಿಮುದ್ರಿಸಿಕೊಂಡಿತು. ಗಾಯಕ ಜ್ಯಾಕ್ ಎಲಿಯ ಹಲ್ಲಿಗೆ ತಂತಿ ಕಟ್ಟಿತ್ತು. ಮೈಕನ್ನು ಚಾವಣಿಯಿಂದ ಇಳಿಬಿಟ್ಟಿದ್ದರು. ಅದು ಬಾಯಿಗೆ ಎಟುಕದೆ ಆತ ಕತ್ತು ಮೇಲೆತ್ತಿ, ಮುಂಗಾಲಲ್ಲಿ ನಿಂತು, ಡ್ರಮ್ಮು ಗಿಟಾರುಗಳ ಗದ್ದಲದ ನಡುವೆ ಅರಚಬೇಕಾಯಿತು. ಎ, ಡಿ, ಇ ಮೈನರ್, ಮತ್ತೆ ಡಿ, ಮೂರೇ ಕಾರ್ಡು, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛ. ಟಂ-ಟಂ-ಟಂ, ಟಂ-ಟಂ. ಗಿಟಾರ್ ಸೋಲೋ ಮುಗಿಯುವಷ್ಟರಲ್ಲಿ ಎಲಿ ಅವಸರಪಟ್ಟು ಮುಂಚೆಯೇ ಬಾಯಿ ತೆರೆದ, ತಪ್ಪು ಗೊತ್ತಾಗಿ ಮುಚ್ಚಿದ. ಆ ಖಾಲಿ ಜಾಗವನ್ನು ಡ್ರಮ್ಮಿನವನು ಬಡಿದು ತುಂಬಿದ. ಯಾರೂ ತಿದ್ದಲಿಲ್ಲ. ಆ ತಪ್ಪು ಇವತ್ತಿಗೂ ತಟ್ಟೆಯಲ್ಲಿದೆ. ಈ ಹಾಡನ್ನು ನುಡಿಸುವ ಎಷ್ಟೋ ತಂಡಗಳು ಆ ತಪ್ಪನ್ನೂ ಶ್ರದ್ಧೆಯಿಂದ ಅಭ್ಯಾಸ ಮಾಡುತ್ತವೆ.

ಮಾತು ತಿಳಿಯದ ಹಾಡು ಹರೆಯದ ಮಕ್ಕಳ ಕೈಗೆ ಸಿಕ್ಕರೆ ಏನಾಗುತ್ತದೋ ಅದೇ ಆಯಿತು. ‘ನಿಜವಾದ ಸಾಹಿತ್ಯ’ ಎಂಬ ಪೋಲಿ ಚೀಟಿಗಳು ಬೆರಳಚ್ಚಾಗಿ ಶಾಲೆಯಿಂದ ಶಾಲೆಗೆ ಹರಿದಾಡಿದವು. ಒಂದು ಊರಿನ ಚೀಟಿ ಇನ್ನೊಂದು ಊರಿನದಕ್ಕೆ ಹೊಂದುತ್ತಿರಲಿಲ್ಲ. ಆದರೆ ಚೀಟಿ ಹಿಡಿದು ಕೇಳಿದವರಿಗೆಲ್ಲ ಅದರಲ್ಲಿ ಇದ್ದದ್ದೇ ಕೇಳಿಸಿತು. ಅಸ್ಪಷ್ಟ ದನಿಗೆ ಮುಂಚೆಯೇ ಪದ ಕೊಟ್ಟರೆ ಕಿವಿ ಅದನ್ನೇ ಒಪ್ಪಿಕೊಳ್ಳುತ್ತದೆ. ಯಂತ್ರ ಬೇಕಿಲ್ಲ, ಅನುಮಾನವೊಂದೇ ಸಾಕು.

ಇಂಡಿಯಾನಾ ರಾಜ್ಯಪಾಲ ಮ್ಯಾಥ್ಯೂ ವೆಲ್ಷ್ ಕೇಳಿದಾಗ ಅವರ ಕಿವಿ ಜುಮ್ಮೆಂದಿತಂತೆ. ಹಾಡನ್ನು ಹಾಕಬೇಡಿ ಎಂದು 1964ರ ಜನವರಿಯಲ್ಲಿ ಅಲ್ಲಿನ ರೇಡಿಯೋದವರಿಗೆ ಸಂದೇಶ ಹೋಯಿತು. ಅಟಾರ್ನಿ ಜನರಲ್ ರಾಬರ್ಟ್ ಕೆನಡಿಯವರಿಗೇ ಪೋಷಕರೊಬ್ಬರು ದೂರು ಬರೆದರು. ಎಫ್‌ಬಿಐ ಕೈಯಲ್ಲಿದ್ದ ಕಾನೂನು ಒಂದೇ: ಅಶ್ಲೀಲ ವಸ್ತುವನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸುವುದು ಅಪರಾಧ.

ಇನ್ನು ನೋಡಿ ಚೋದ್ಯ. ತಟ್ಟೆಯಲ್ಲಿ ಅಶ್ಲೀಲವೆಂದು ರುಜುವಾತು ಮಾಡುವಂಥದ್ದು ಏನೂ ಸಿಗಲಿಲ್ಲ. ಅಶ್ಲೀಲವಿದ್ದದ್ದು ಚೀಟಿಗಳಲ್ಲಿ. ಆ ಚೀಟಿಗಳನ್ನು ಲಕೋಟೆಗೆ ಹಾಕಿ, ಅಂಚೆಚೀಟಿ ಅಂಟಿಸಿ, ರಾಜ್ಯದ ಗಡಿ ದಾಟಿಸಿ ವಾಷಿಂಗ್ಟನ್ನಿಗೆ ಕಳಿಸಿದವರು ದೂರುದಾರರು. ಅಲ್ಲಿಂದ ಕಚೇರಿಯಿಂದ ಕಚೇರಿಗೆ ಹೊತ್ತು ತಿರುಗಿದವರು ತನಿಖಾಧಿಕಾರಿಗಳು. ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ.

ವೇಗ ಬದಲಿಸುವ ಉಪಾಯದ ಬಗ್ಗೆಯೂ ಒಂದು ಮಾತು. ಮಾತನ್ನು ತಿಳಿಯಾಗಿಸುವುದು ಹೆಚ್ಚಾಗಿ ವ್ಯಂಜನಗಳು: ಸ, ತ, ಪ, ಕ. ಅವುಗಳ ಬಲವೆಲ್ಲ ಬಹುಪಾಲು ಮೇಲಿನ ಕಂಪನಾಂಕಗಳಲ್ಲಿ. ಬಾಯಿಯಿಂದ ಮೈಕು ದೂರವಾದಷ್ಟೂ ಮೊದಲು ಸೋರಿಹೋಗುವುದು ಅವೇ. ಉಳಿದ ಚೂರನ್ನು ತಾಳದ ತಟ್ಟೆಗಳ ಛಣಛಣ ನುಂಗುತ್ತದೆ. ತಟ್ಟೆಯೊಳಗೆ ಇಳಿಯದೇ ಹೋದದ್ದನ್ನು ವೇಗ ಇಳಿಸಿ ಹೊರತೆಗೆಯಲಾಗದು. ನಿಧಾನ ಮಾಡಿದರೆ 6,000 ಹರ್ಟ್ಜ್‌ನ ಸಕಾರ 4,400ಕ್ಕೆ ಇಳಿದು, ಇದ್ದ ‘ಸ’ ಕೂಡ ‘ಶ’ದಂತೆ ಕೇಳಿಸೀತು. ಹಾಲಿಲ್ಲದ ಗಡಿಗೆಯನ್ನು ಎಷ್ಟು ಮೆಲ್ಲಗೆ ಕಡೆದರೂ ಬೆಣ್ಣೆ ಬಾರದು.

ಇಷ್ಟು ಕೇಳಿಯೂ ಎಫ್‌ಬಿಐ ಬಿಟ್ಟದ್ದು ಎರಡು. ಒಂದು, ಹಾಡು ಬರೆದ ಬೆರಿಯನ್ನು ವಿಚಾರಿಸಿದರು, ಆದರೆ ಹಾಡಿದ ಎಲಿಯನ್ನೇ ಕೇಳಲಿಲ್ಲ. ಅಷ್ಟರಲ್ಲಿ ಆತ ತಂಡದಿಂದ ಹೊರಬಿದ್ದಿದ್ದ. ಎರಡು, ಸುಮಾರು 54ನೇ ಸೆಕೆಂಡಿನಲ್ಲಿ ಡ್ರಮ್ಮರ್ ಲಿನ್ ಈಸ್ಟನ್ ಕೈತಪ್ಪಿದ ಸಿಟ್ಟಿಗೆ ಹಿಂದಿನಿಂದ ಒಂದು ಶಬ್ದ ಕೂಗುತ್ತಾನೆ. ಅಪ್ಪಟ ಬೈಗುಳ, ನಾಲ್ಕೇ ಅಕ್ಷರದ್ದು. ಅದಕ್ಕೆ ಚೀಟಿ ಇರಲಿಲ್ಲವಲ್ಲ, ಹಾಗಾಗಿ ಯಾರಿಗೂ ಕೇಳಿಸಲಿಲ್ಲ.

ಹಾಡಿಗೇನೂ ನಷ್ಟವಾಗಲಿಲ್ಲ. 1963ರ ಕೊನೆಯ ಹೊತ್ತಿಗೇ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ಎರಡನೇ ಸ್ಥಾನದಲ್ಲಿತ್ತು. ನಿಷೇಧದ ಸುದ್ದಿಗಿಂತ ಅಗ್ಗದ ಜಾಹೀರಾತು ಯಾವ ಕಂಪನಿಗೆ ಸಿಕ್ಕೀತು? ಮೂರು ಕಾರ್ಡು, ಒಂದು ಗ್ಯಾರೇಜು, ಮಾತು ತಿಳಿಯದ ಅರಚಾಟ ಇದ್ದರೆ ಸಾಕೆಂಬ ಧೈರ್ಯ ಊರೂರಿನ ಹುಡುಗರಿಗೆ ಬಂತು. ಮುಂದೆ ಪಂಕ್ ಎಂದು ಹೆಸರು ಪಡೆದ ರಾಕ್ ಸಂಗೀತದ ಗಲಾಟೆಗೆ ಇಲ್ಲಿಂದಲೂ ಒಂದು ಬೇರು ಇಳಿದಿದೆ.

ನಲವತ್ತು ವರ್ಷದ ಮೇಲೆ, 2005ರಲ್ಲಿ, ಮಿಷಿಗನ್‌ನ ಬೆಂಟನ್ ಹಾರ್ಬರ್‌ನಲ್ಲಿ ಶಾಲಾ ಮಕ್ಕಳ ಬ್ಯಾಂಡು ಮೆರವಣಿಗೆಯಲ್ಲಿ ಇದೇ ಹಾಡನ್ನು ನುಡಿಸಲು ಸಜ್ಜಾಯಿತು. ಹಾಡಿನ ಮಾತು ಸಭ್ಯವಲ್ಲವೆಂದು ಶಾಲೆಯ ಮೇಲಧಿಕಾರಿಯಿಂದ ತಡೆ ಬಂತು. ಪೋಷಕರು ದನಿಯೆತ್ತಿದ ಮೇಲೆ ಅನುಮತಿ ಸಿಕ್ಕಿತು. ಬ್ಯಾಂಡಿನಲ್ಲಿ ಇದ್ದದ್ದು ಊದುವ, ಬಡಿಯುವ ವಾದ್ಯಗಳು ಮಾತ್ರ. ಹಾಡುವವರು ಒಬ್ಬರೂ ಇರಲಿಲ್ಲ.